ತೂತು ಹಂಡೆಯ ತುಳಸಿ

ನಿವೃತ್ತನಾದವನಿಗೆ ಮಂಡಿನೋವು ಬರುತ್ತದೆ, ಇಲ್ಲವೇ ತಾರಸಿ ತೋಟದ ಹುಚ್ಚು ಹಿಡಿಯುತ್ತದೆ. ನನಗೆ ಎರಡೂ ಒಂದೇ ವರ್ಷ ಬಂದವು. ಹೊಸದುರ್ಗದ ನಮ್ಮ ಮನೆಯ ತಾರಸಿಗೆ ಇಪ್ಪತ್ತೆರಡು ಮೆಟ್ಟಿಲು. ದಿನಕ್ಕೆರಡು ಸಲ ಹತ್ತಿಳಿದು, ಥಳಥಳಿಸುವ ಪ್ಲಾಸ್ಟಿಕ್ ಕುಂಡಗಳಲ್ಲಿ ದೊಡ್ಡಪತ್ರೆ, ಆಡುಸೋಗೆ, ಒಂದೆಲಗ, ನೆಲಬೇವು, ಬಜೆ, ಅಶ್ವಗಂಧಗಳನ್ನು ಸಾಲಾಗಿ ಇಟ್ಟು, ಊರಿನ ಅರ್ಧ ಕೆಮ್ಮು ಇನ್ನು ನನ್ನ ಸುಪರ್ದಿಗೆ ಬಂತು ಎಂದುಕೊಂಡೆ. “ಮೊದಲು ಗಿಡಗಳನ್ನ ಬದುಕಿಸಿ, ಆಮೇಲೆ ಜನರನ್ನ ನೋಡಿಕೊಳ್ಳೋರಂತೆ” ಎಂದಳು ನನ್ನ ಹೆಂಡತಿ.

ಆರು ತಿಂಗಳು ಎಲ್ಲವೂ ಚೆನ್ನಾಗಿತ್ತು. ಆಮೇಲೆ ಆಡುಸೋಗೆ ಮುನಿಸಿಕೊಂಡಿತು. ನೀರು ಕೊಟ್ಟರೂ ಬಾಡುತ್ತದೆ, ಗೊಬ್ಬರ ಕೊಟ್ಟರೂ ಚಿಗುರುವುದಿಲ್ಲ. ಒಂದು ದಿನ ರೋಸಿ ಕುಂಡವನ್ನು ಬೋರಲು ಹಾಕಿ ತಟ್ಟಿದೆ. ಅಚ್ಚಿನಿಂದ ಬೆಲ್ಲ ಕಳಚಿದಂತೆ ಹೆಂಟೆ ಇಡಿಯಾಗಿ ಹೊರಬಂತು. ನೋಡಿದರೆ ಮಣ್ಣೇ ಕಾಣದು. ಬೇರುಗಳು ಒಂದರ ಮೇಲೊಂದು ಸುತ್ತಿಕೊಂಡು, ಕೊಡ ಹೊರುವ ಹೆಂಗಸರ ತಲೆಯ ಮೇಲಿನ ಸಿಂಬಿಯ ಹಾಗೆ ಕೂತಿದ್ದವು.

ನುಣ್ಣನೆಯ ಗುಂಡು ಗೋಡೆಯಲ್ಲಿ ಬೇರಿಗೆ ಮೂಲೆ ಸಿಗುವುದಿಲ್ಲ. ದಾರಿ ಇನ್ನೂ ಇದೆ ಎಂದುಕೊಂಡು ಅದು ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಮುಂದೆ ಅದನ್ನು ತೆಗೆದು ವಿಶಾಲವಾದ ತೋಟದಲ್ಲಿ ನೆಟ್ಟರೂ ದಪ್ಪವಾಗಿ ಬಲಿತ ಆ ಸುತ್ತು ಬಿಚ್ಚಿಕೊಳ್ಳುವುದಿಲ್ಲ. ಇದಕ್ಕೆ ಮದ್ದು ಗಾಳಿ. ಬೇರಿನ ತುದಿ ಕುಂಡದ ಅಂಚಿಗೆ ಬಂದಾಗ ಅಲ್ಲಿ ಗಾಳಿ ತಾಗಿದರೆ ಆ ತುದಿ ಒಣಗಿ ನಿಲ್ಲುತ್ತದೆ. ಆಗ ಹಿಂದಿನಿಂದ ಹೊಸ ಕವಲುಗಳು ಒಡೆದು ಮಣ್ಣಿನ ತುಂಬ ಹರಡುತ್ತವೆ. ಚಿವುಟಿದರೆ ತುಳಸಿ ಪೊದೆಯಾಗುತ್ತದಲ್ಲ, ಅದೇ ಲೆಕ್ಕ. ಅಮೆರಿಕದಲ್ಲಿ ಕಾರ್ಲ್ ವಿಟ್‌ಕಂಬ್ ಎಂಬ ವಿಜ್ಞಾನಿ 1960ರ ದಶಕದ ಕೊನೆಯಲ್ಲಿ ತಳವಿಲ್ಲದ ಹಾಲಿನ ಡಬ್ಬಿಗಳಲ್ಲಿ ಸಸಿ ಬೆಳೆಸಿ ಈ ವಿದ್ಯೆಯ ಬೆನ್ನು ಹತ್ತಿದರಂತೆ. ತಳ ಹಾರಿಹೋದ ಡಬ್ಬಿಯಿಂದ ಒಂದು ಶಾಸ್ತ್ರವೇ ಹುಟ್ಟಿತೆಂದು ಓದಿದಾಗ ಎಲ್ಲೋ ಏನೋ ನೆನಪಾದಂತಾಯಿತು. ಏನೆಂದು ಆಗ ಹೊಳೆಯಲಿಲ್ಲ.

ಬೇರು ಸವರುವ ಕುಂಡ ಹುಡುಕಿಕೊಂಡು ಹೊರಟೆ. ಅಂಗಡಿಯ ಹುಡುಗ ಹಸಿರು ಬಣ್ಣದ ದಪ್ಪ ಚೀಲ ತೆಗೆದು, “ಗ್ರೋ ಬ್ಯಾಗ್ ಸಾರ್, ಇದೇ ನೀವು ಕೇಳಿದ್ದು” ಎಂದ. ನಾನು ಚೀಲವನ್ನು ಬಾಯಿಗೆ ಒತ್ತಿಕೊಂಡು ಊದಿದೆ. ಕೆನ್ನೆ ಉಬ್ಬಿತೇ ಹೊರತು ಉಸಿರು ಆಚೆ ಹೋಗಲಿಲ್ಲ. ಪ್ಲಾಸ್ಟಿಕ್ ಹಾಳೆ ಅಂಟಿಸಿದ ಚೀಲ ಅದು. ಹೆಸರು ಏನೇ ಇರಲಿ, ಬೇರಿನ ಪಾಲಿಗೆ ಮತ್ತೊಂದು ನುಣ್ಣನೆಯ ಗೋಡೆ. ಆಮೇಲೆ ಕಂಬಳಿಯಂಥ ಒರಟು ಬಟ್ಟೆಯ ಚೀಲ ಸಿಕ್ಕಿತು. ಊದಿದೆ, ಆಚೆ ಬದಿಗೆ ಹಿಡಿದ ಅಂಗೈಗೆ ಬೆಚ್ಚಗೆ ತಾಗಿತು. ಹುಡುಗನೂ ಒಂದನ್ನು ಎತ್ತಿಕೊಂಡು ಊದಿದ. ಸಾಮಾನು ಕೊಳ್ಳಲು ಬಂದ ಹೆಂಗಸೊಬ್ಬರು ನಮ್ಮಿಬ್ಬರನ್ನೂ ನೋಡಿ ಪಕ್ಕದ ಅಂಗಡಿಗೆ ಹೋದರು. ತೆಂಗಿನ ನಾರಿನ ಕುಂಡವೂ ಒಳ್ಳೆಯದೇ. ನಮ್ಮ ತಾಲ್ಲೂಕಿನಲ್ಲಿ ತೆಂಗಿನ ಮೊಟ್ಟೆ ದಾರಿಬದಿಯಲ್ಲೇ ಗುಡ್ಡೆ ಬಿದ್ದಿರುತ್ತದೆ. ನನ್ನ ನಾರಿನ ಕುಂಡ ಮಾತ್ರ ಬೇರೆ ರಾಜ್ಯದಿಂದ ಕೊರಿಯರ್‌ನಲ್ಲಿ ಬಂತು.

ಬಟ್ಟೆ ಚೀಲ ಬಂದ ಮೇಲೆ ಗೊತ್ತಾಯಿತು, ಈ ವಿದ್ಯೆ ಕಲಿಸಿದವರು ಹೊಸದುರ್ಗದ ಗಾಳಿ ಕಂಡವರಲ್ಲ. ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ಇದು. ಬೆಳಿಗ್ಗೆ ನೆನೆದ ಚೀಲ ಮಧ್ಯಾಹ್ನಕ್ಕೆ ಹಪ್ಪಳ. ಕೆಸರಿನ ಕೂಸಾದ ಬಜೆ, ತೇವ ಆರಬಾರದ ಒಂದೆಲಗ ಎರಡೂ ಅಲ್ಲಿ ಬಾಳುವುದಿಲ್ಲ. ಅವಕ್ಕೆ ಹಳೆಯ ಪ್ಲಾಸ್ಟಿಕ್ ತೊಟ್ಟಿಯೇ ಸುಖ. ಅಶ್ವಗಂಧಕ್ಕೂ ಈ ಉಪಚಾರ ಬೇಡ. ಅದರಲ್ಲಿ ನಮಗೆ ಬೇಕಾದದ್ದು ನೆಟ್ಟಗೆ ಇಳಿದ ದಪ್ಪ ಬೇರು; ತುದಿ ಸವರಿದರೆ ಅದು ಕವಲು ಕವಲಾಗಿ ಗಡ್ಡದಂತೆ ಇಳಿಬೀಳುತ್ತದೆ. ಗಿಡಕ್ಕೆ ಹಿತ, ನಮಗೆ ನಷ್ಟ. ಉಳಿದ ಆಡುಸೋಗೆ, ನೆಲಬೇವು, ದೊಡ್ಡಪತ್ರೆಗಳನ್ನು ಚೀಲಕ್ಕೆ ಬದಲಾಯಿಸಿ, ತಳಕ್ಕೂ ಗಾಳಿ ಆಡಲೆಂದು ಚೀಲಗಳನ್ನು ಇಟ್ಟಿಗೆಗಳ ಮೇಲೆ ಕೂರಿಸುತ್ತಿದ್ದೆ. ಮೂರನೆಯ ಇಟ್ಟಿಗೆ ಇಡುವಾಗ ನೆನಪಾಯಿತು: ಮೂರು ಗುಂಡುಗಳ ಮೇಲೆ ಕೂತಿದ್ದ ದೊಡ್ಡಮ್ಮನ ಹಂಡೆ.

ಶ್ರೀರಾಂಪುರದ ಆ ಮನೆಯ ಹಿತ್ತಲಲ್ಲಿ ಗಟ್ಟಿಯಾದ ಒಂದು ಪಾತ್ರೆಯೂ ಇರಲಿಲ್ಲ. ತಳ ಕಿತ್ತ ಬಕೀಟಿನಲ್ಲಿ ದೊಡ್ಡಪತ್ರೆ, ಹರಿದ ಬಿದಿರು ಬುಟ್ಟಿಯಲ್ಲಿ ಮಜ್ಜಿಗೆ ಹುಲ್ಲು, ಜರಡಿಯಂತಾದ ಡಬ್ಬದಲ್ಲಿ ಲೋಳೆಸರ. ಎಲ್ಲವೂ ಕೊಬ್ಬಿ ಬೆಳೆದಿದ್ದವು. ದೊಡ್ಡಮ್ಮನ ತವರು ಮತ್ತೋಡು. 1801ರ ಸುಮಾರಿಗೆ ಈ ಸೀಮೆಯಲ್ಲಿ ತಿರುಗಾಡಿದ ಬುಕಾನನ್ ಎಂಬ ಪ್ರವಾಸಿ, ಅಲ್ಲಿ ಗಾಜು ಕರಗಿಸಿ ಬಳೆ ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಂಥ ಊರಿನ ಮಗಳಾದ್ದರಿಂದಲೋ ಏನೋ, ಒಡೆದದ್ದು ಎಂಬ ಮಾತನ್ನೇ ಆಕೆ ಒಪ್ಪುತ್ತಿರಲಿಲ್ಲ. “ತೂತು ಬಿದ್ದೈತೆ ಅಷ್ಟೇ” ಎನ್ನುತ್ತಿದ್ದಳು, ನೆಗಡಿ ಆಗಿದೆ ಎನ್ನುವಷ್ಟು ಹಗುರವಾಗಿ.

ಹಂಡೆ ತಾಮ್ರದ್ದು. ಮದುವೆಯಲ್ಲಿ ಅವಳ ಅಣ್ಣ ಕೊಟ್ಟದ್ದು. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಅವನ ಹೆಸರು, ಊರು. ಬಚ್ಚಲ ಒಲೆಯ ಮೇಲೆ ನಲವತ್ತು ವರ್ಷ ಕುದಿದು ತಳ ತೂತಾಗಿತ್ತು. ಬಾಯ್ಲರ್ ಬಂದ ವರ್ಷ ಅದು ಒಲೆಗುಂಡುಗಳ ಸಮೇತ ಹಿತ್ತಲಿಗೆ ಬಂದು, ಒಡಲ ತುಂಬ ಮಣ್ಣು ತುಂಬಿಕೊಂಡು, ತುಳಸಿಗಿಡ ಹೊತ್ತು ನಿಂತಿತು. ಎಂಥ ತುಳಸಿ! ಎದೆಮಟ್ಟ, ಎರಡು ತೋಳು ಅಗಲ. ಅದು ಪೂಜೆಗೆ ಮಾತ್ರ. ಕಷಾಯಕ್ಕೆಂದು ಎಲೆ ಕಿತ್ತರೆ ಮೊಣಕೈಗೆ ಏಟು. ಕೆಮ್ಮಿಗೆ ಡಬ್ಬದ ತುಳಸಿ ಬೇರೆ ಇತ್ತು.

ಶಾಸ್ತ್ರ ಓದಿ ಬಂದ ಉತ್ಸಾಹದಲ್ಲಿ ನಾನು ಮಾರನೆಯ ವಾರವೇ ಶ್ರೀರಾಂಪುರಕ್ಕೆ ಹೋಗಿ ಅವಳೆದುರು ಕುಕ್ಕರಗಾಲಲ್ಲಿ ಕೂತೆ. ತೂತಿನಿಂದ ಗಾಳಿ ಬಂದು ಬೇರು ಸವರುತ್ತದೆ; ಅದು ಸಾಲದೆಂಬಂತೆ ತಾಮ್ರವೂ ಬೇರಿನ ತುದಿಗೆ ಆಗಿಬರುವುದಿಲ್ಲ, ಹೊರದೇಶದ ನರ್ಸರಿಗಳಲ್ಲಿ ಕುಂಡದ ಒಳಮೈಗೆ ತಾಮ್ರದ ಬಣ್ಣವನ್ನೇ ಬಳಿಯುತ್ತಾರೆ; ನಿನ್ನ ಹಂಡೆ ಎರಡು ಬಗೆಯಲ್ಲೂ ಶ್ರೇಷ್ಠ ಎಂದು ವಿವರಿಸಿದೆ. ಹಿರಿಯರಿಗೆ ಎಲ್ಲವೂ ಮೊದಲೇ ತಿಳಿದಿತ್ತು ಎಂದು ಸಭೆಗಳಲ್ಲಿ ಹೇಳುವವರನ್ನು ಕಂಡರೆ ನನಗಾಗದು. ಆದರೂ ಅಂದು ಅಂಥದೊಂದು ಉತ್ತರಕ್ಕೆ ಬಾಯಿ ಬಿಟ್ಟುಕೊಂಡು ಕಾದೆ.

ಅವಳು ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. “ಬೇರು ಗೀರು ನಂಗೇನ್ ಗೊತ್ತು ಮಗಾ? ಹಳೇ ತಾಮ್ರಕ್ಕೆ ಸ್ಟೀಲ್ ಪಾತ್ರೆ ಕೊಡೋನು ತಿಂಗಳಿಗೊಂದ್ಸಲ ಬಾಗ್ಲಿಗೆ ಬರ್ತಿದ್ದ. ನಿಮ್ಮಣ್ಣ ಎರಡು ಕಿತ ತಕ್ಕಡಿಗೂ ಎತ್ತಿಸಿದ್ದ. ತುಳಸಿ ಇಕ್ಕಿಬಿಟ್ಟೆ. ಇನ್ಯಾವನು ಕೈ ಹಾಕ್ತಾನೆ, ಹಾಕ್ಲಿ ನೋಡನ!”

ಹೇಳಿ, ಸೆರಗು ಬಾಯಿಗೆ ಹಿಡಿದು ಕಳ್ಳ ನಗು ನಕ್ಕಳು. ಹಂಡೆ ಕೊಟ್ಟ ಅವಳ ಅಣ್ಣ ತೀರಿಹೋಗಿ, ತವರಿನ ಮನೆಯೂ ಪರಭಾರೆಯಾಗಿ ಆಗಲೇ ಬಹಳ ವರ್ಷಗಳಾಗಿದ್ದವು. ತುಳಸಿ ಎರಡು ಮೂರು ವರ್ಷಕ್ಕೆ ಮುದಿಯಾಗುವ ಗಿಡ. ಪ್ರತಿಸಲವೂ ಒಣಗುವ ಮುಂಚೆ ತೆನೆ ಉಜ್ಜಿ ಅದೇ ಹಂಡೆಗೆ ಬೀಜ ಉದುರಿಸಿ ಆಕೆ ಕಾವಲು ಬದಲಾಯಿಸುತ್ತಿದ್ದಳು.

ದೊಡ್ಡಮ್ಮ ಹೋಗಿ ಎರಡು ಬೇಸಿಗೆ ಕಳೆದವು. ಮೊನ್ನೆ ರಾತ್ರಿ ಶ್ರೀರಾಂಪುರದ ಅಣ್ಣನ ಫೋನು. ಮಂಡಿನೋವು, ಕೊಬ್ಬರಿ ರೇಟು, ಮಳೆ ಎಲ್ಲ ಮುಗಿದ ಮೇಲೂ ಫೋನು ಇಡಲಿಲ್ಲ. ಆಮೇಲೆ ದನಿ ತಗ್ಗಿಸಿದ. “ಹಂಡೇಲಿ ತುಳಸಿ ಒಣಗೋಯ್ತು ಕಣೋ. ನಾನು ಬೀಜ ಹಾಕದು ಮರೆತೆ. ಹಂಡೆ ಸುಮ್ನೆ ಕೂತೈತಲ್ಲ ಮಾವ ಅಂತ ನಿನ್ನೆ ಸೊಸೆ ಎರಡು ಸಲ ಕೇಳಿದ್ಲು. ನಿನ್ ತಾರಸಿ ಮೇಲೆ ಒಂದು ಸಸಿ ಐತಾ? ಇದ್ರೆ ನಾಳೆನೇ ತಗಂಡ್ ಬಾ. ಭಾನುವಾರ ಪಾತ್ರೆಯವನು ಬರ್ತಾನೆ.”

ಬೆಳಗಿನ ಮೊದಲ ಬಸ್ಸು ಹಿಡಿದೆ. ಮಡಿಲಲ್ಲಿ ಬಟ್ಟೆ ಚೀಲದ ತುಳಸಿ. ಹೊರಡುವ ಮುಂಚೆ ಧಾರಾಳವಾಗಿ ನೀರು ಹಾಕಿದ್ದೆ. ಶ್ರೀರಾಂಪುರದಲ್ಲಿ ಇಳಿಯುವಷ್ಟರಲ್ಲಿ ಪಂಚೆ ಪೂರ್ತಿ ನೆನೆದಿತ್ತು.