ಉಳಿಕೆ

ನನ್ನ ಕೆಲಸ ಏನೆಂದು ಅಮ್ಮನಿಗೆ ತಿಳಿಸಿ ಹೇಳಲು ಹೊರಟು ಇಪ್ಪತ್ತೆರಡು ವರ್ಷವಾಯಿತು. ಮೊದಲ ಸಲ "ಮಕ್ಕಳ ಉಳಿಕೆ ಬಗ್ಗೆ ಸಂಶೋಧನೆ" ಅಂದಾಗ, "ಉಳಿಕೆ ಅಂದ್ರೆ ರಾತ್ರಿ ಮಿಕ್ಕ ಸಾರಲ್ವೇನೋ?" ಎಂದಿದ್ದಳು. ದಾಖಲಾತಿ, ಹಾಜರಾತಿ, ಉಳಿಕೆ ಎಂದು ಇಲಾಖೆಯವರು ಒಂದೇ ಉಸಿರಿಗೆ ಹೇಳುವ ಮೂರರಲ್ಲಿ ಕೊನೆಯದು ನನ್ನ ಪಾಲಿನದು. ಕಡೆಗೆ ಅಮ್ಮ ನೆರೆಮನೆಯಲ್ಲಿ "ಶಾಲೆ ಬಿಟ್ಟು ಹೋದ ಹುಡುಗ್ರನ್ನ ಹುಡುಕ್ತಾನೆ" ಎಂದುಬಿಟ್ಟಳು. ಅವರು ನನ್ನನ್ನು ಪೊಲೀಸ್ ಎಂದುಕೊಂಡು ಒಂದಷ್ಟು ದಿನ ಬಲು ಮರ್ಯಾದೆ ಕೊಟ್ಟರು.

ಓದುವಾಗ ನಮಗೆ ವಿನ್ಸೆಂಟ್ ಟಿಂಟೊ ಗುರು. ಕಾಲೇಜಿನ ಪಾಠಕ್ಕೂ ಒಡನಾಟಕ್ಕೂ ಹೊಂದಿಕೊಳ್ಳದವನು ಬಿಟ್ಟು ಹೋಗುತ್ತಾನೆ ಎಂದು 1975ರಲ್ಲಿ ಬರೆದ ಅಮೆರಿಕದ ಪ್ರೊಫೆಸರು. ಅದಕ್ಕೆ ಅವರು ಆಧಾರ ಮಾಡಿಕೊಂಡದ್ದು ಆತ್ಮಹತ್ಯೆಯ ಬಗ್ಗೆ ಸಮಾಜಶಾಸ್ತ್ರಜ್ಞ ಡರ್ಕೈಮ್ ಬರೆದದ್ದನ್ನು. ಓದಿ ಮುಗಿಸಿದ ದಿನ ನನಗೇ ಎಂ.ಎ. ಬಿಡೋಣ ಅನಿಸಿತ್ತು.

ನಮ್ಮ ಲೆಕ್ಕ ಸುಲಭ. ಏಳು ವರ್ಷದ ಹಿಂದೆ ಒಂದನೇ ತರಗತಿಯಲ್ಲಿದ್ದವರೆಷ್ಟು, ಈಗ ಎಂಟರಲ್ಲಿರುವವರೆಷ್ಟು? ನಡುವೆ ಬೇರೆ ಊರಿಂದ ಬಂದು ಸೇರಿದವರಿಂದಾಗಿ ಕೆಲವು ಶಾಲೆಗಳಲ್ಲಿ ಉಳಿಕೆ ನೂರಕ್ಕೆ ನೂರನ್ನೂ ದಾಟುತ್ತದೆ. ಸೇರಿದವರಿಗಿಂತ ಉಳಿದವರೇ ಹೆಚ್ಚು! ಇನ್ನು 'ಶಾಲೆ ಬಿಟ್ಟವನು' ಯಾರು? ಕರ್ನಾಟಕದಲ್ಲಿ ಮೊದಲು ಅರವತ್ತು ದಿನ ಬಾರದವನು. 2013ರಲ್ಲಿ ಹೈಕೋರ್ಟ್ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡ ಮೇಲೆ ಅದು ಏಳು ದಿನಕ್ಕೆ ಇಳಿಯಿತು. ಒಳ್ಳೆಯದೇ ಆಯಿತು. ಆದರೆ ಆ ಲೆಕ್ಕದಲ್ಲಿ ಸೋದರಮಾವನ ಮದುವೆಗೊಮ್ಮೆ, ಅಮ್ಮನಿಗೆ ಗೊತ್ತಾದ ಮಂಗನಬಾವಿಗೊಮ್ಮೆ, ಗೊತ್ತಾಗದ ಹೊಟ್ಟೆನೋವಿಗೊಮ್ಮೆ, ಒಟ್ಟು ಮೂರು ಸಲ ನಾನೂ ಶಾಲೆ ಬಿಟ್ಟವನೇ.

ಯಾದಗಿರಿ ಕಡೆಯ ಒಂದು ತಾಂಡಾ ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ. ಆರನೇ ತರಗತಿಯ ಹುಡುಗನೊಬ್ಬ ದೀಪಾವಳಿಯಿಂದ ಬಂದಿಲ್ಲ. ಮನೆಯಲ್ಲಿ ಅಜ್ಜಿ ಒಬ್ಬಳೇ. ನಾನು ಫಾರಂ ಬಿಡಿಸಿ, "ಮೊಮ್ಮಗ ಸಾಲಿ ಯಾಕ ಬಿಟ್ಟಾನಬೇ?" ಎಂದೆ.

"ಬಿಟ್ಟಿಲ್ಲಪಾ. ಸಾಲಿ ಇಲ್ಲೇ ಐತಿ, ಅವ ಗುಳೆ ಹೋಗ್ಯಾನ. ಉಗಾದಿಗೆ ಬರ್ತಾನ."

ಗೋಡೆಯ ಮೊಳೆಗೆ ಪಾಟಿಚೀಲ ತೂಗುಹಾಕಿತ್ತು. ಒಳಗೆ ಬಿಸಿಯೂಟದ ತಟ್ಟೆ. ಯಾರೋ ತೊಳೆದು ಇಟ್ಟಿದ್ದರು. ಬಡತನಕ್ಕೆ ಒಂದು, ನಿರಾಸಕ್ತಿಗೆ ಎರಡು ಎಂದು ಫಾರಂನಲ್ಲಿ ಕಾರಣಗಳಿಗೆಲ್ಲ ಸಂಖ್ಯೆಯಿತ್ತು. 'ಬಿಟ್ಟಿಲ್ಲ, ಬರ್ತಾನೆ' ಎನ್ನುವುದಕ್ಕೆ ಇರಲಿಲ್ಲ. 'ಇತರೆ' ಎಂದು ತುಂಬಿದೆ. ನನ್ನ ಇಪ್ಪತ್ತೆರಡು ವರ್ಷದ ವರದಿಗಳಲ್ಲಿ ನನಗೆ ನಿಜವಾಗಿ ನೆನಪಿರುವವರೆಲ್ಲ ಆ 'ಇತರೆ'ಯಲ್ಲೇ ಇದ್ದಾರೆ.

ಆ ತಾಂಡಾದ ವರದಿ ಮಂಡಿಸುವ ದಿನ ಬೆಂಗಳೂರಿನ ನಮ್ಮ ಆಫೀಸಿನ ಕಾಂಪೌಂಡಿನ ಪಕ್ಕ ಕಟ್ಟಡ ಏಳುತ್ತಿತ್ತು. ತಗಡಿನ ಶೆಡ್ಡುಗಳ ಎದುರು, ಮರಳಿನ ಗುಡ್ಡೆಯ ಮೇಲೆ ಹುಡುಗನೊಬ್ಬ ತಮ್ಮನನ್ನು ಆಡಿಸುತ್ತಿದ್ದ.

"ಯಾವೂರಪ್ಪ?"

"ಯಾದಗಿರಿ ಕಡೇರಿ."

ಅವನೇ ಆಗಿರಬೇಕೆಂದೇನಿಲ್ಲ. ಹೆಸರು ಕೇಳುವ ಧೈರ್ಯ ನನಗಾಗಲಿಲ್ಲ.

"ಎಷ್ಟನೇತ್ತಾ?"

"ಆರನೇತ್ತಾ" ಎಂದ, ಈಗಷ್ಟೇ ಗಂಟೆ ಹೊಡೆದು ಆಟಕ್ಕೆ ಬಿಟ್ಟವನ ಹಾಗೆ. ಆಮೇಲೆ ನಮ್ಮ ಬೋರ್ಡಿನತ್ತ ಕತ್ತೆತ್ತಿ, "ಶಿ… ಕ್ಷ… ಣ" ಎಂದು ಕೂಡಿಸಿ ಓದಿದ.

"ಇದೂ ಸಾಲೀನೇನ್ರಿ ಸರ? ಇಲ್ಲಿ ಊಟ ಎಷ್ಟಕ್ಕ ಕೊಡ್ತಾರ್ರಿ?"

"ಒಂದೂವರೆಗೆ" ಎಂದೆ. ಒಳಗೆ ಬಫೆಗೆ ತಟ್ಟೆ ಜೋಡಿಸುತ್ತಿದ್ದರು. ಊಟವಾದ ಮೇಲಿನ ಮೊದಲ ಗೋಷ್ಠಿ ನನ್ನದೇ.