ಅರ್ಧ ಮಗು, ಅರ್ಧ ಹಿಟ್ಟು

ಮೂರು ದಿನದ ಗಂಡುಕೂಸಿಗೆ ಬೆಲೆ ಕಟ್ಟಿ ಅಂದರೆ ನೀವು ಎಷ್ಟು ಹೇಳುತ್ತೀರಿ? 1841ರಲ್ಲಿ ಸಾರಾ ಕಿಂಬಲ್ ಎಂಬ ಹೆಣ್ಣುಮಗಳು ಬಾಣಂತಿ ಹಾಸಿಗೆಯಲ್ಲಿ ಮಲಗಿಕೊಂಡೇ ಗಂಡನಿಗೆ ಈ ಪ್ರಶ್ನೆ ಹಾಕಿದರು. ಊರಿನ ಹೆಸರು ನಾವೂ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮಿಸಿಸಿಪಿ ನದಿಯ ದಂಡೆಯ ಮೇಲಿರುವುದು. ಮಾರ್ಮನ್ನರೆಂಬ ಕ್ರೈಸ್ತ ಮೂಲದ ಪಂಥದವರು ಅಲ್ಲಿ ದೊಡ್ಡದೊಂದು ದೇವಾಲಯ ಎಬ್ಬಿಸುತ್ತಿದ್ದರು. ಸಾರಾ ಆ ಪಂಥದವರು, ಗಂಡ ಹೈರಮ್ ಇನ್ನೂ ಸೇರಿರಲಿಲ್ಲ. ದೇವಾಲಯಕ್ಕೆ ಏನಾದರೂ ಕೊಡಬೇಕೆಂಬ ಆಸೆ ಆಕೆಗೆ, ಆದರೆ ಕೈಯಲ್ಲಿ ತನ್ನದೆಂಬ ಕಾಸಿಲ್ಲ. ಅದಕ್ಕೇ ಈ ಪ್ರಶ್ನೆ. ಮಗು ಸಾವಿರ ಡಾಲರ್ ಬೆಲೆ ಬಾಳೀತೇ? ಬಾಳೀತು, ಚೆನ್ನಾಗಿ ಬೆಳೆದರೆ ಇನ್ನೂ ಹೆಚ್ಚೇ, ಅಂದರು ಗಂಡ. ಅದರಲ್ಲಿ ಅರ್ಧ ನನ್ನದು ತಾನೇ? ಹೌದು. ಹಾಗಿದ್ದರೆ ಐನೂರು ಡಾಲರ್ ನನ್ನದು, ಅದನ್ನು ದೇವಾಲಯಕ್ಕೆ ಕೊಡುತ್ತೇನೆ! ಹೈರಮ್ ಈ ಮಾತನ್ನು ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಕಿವಿಗೆ ಹಾಕಿದರು. ಕೊನೆಗೆ ಮಗುವನ್ನು ತಮ್ಮಲ್ಲೇ ಉಳಿಸಿಕೊಂಡು, ಆ ಅರ್ಧದ ಲೆಕ್ಕಕ್ಕೆ ಜಮೀನು ಬಿಟ್ಟುಕೊಟ್ಟರು.

ಈ ಕಥೆ ನನಗೆ ಬಹಳ ಪ್ರೀತಿಯದು. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲಿಲ್ಲದ ಕಾಲದಲ್ಲಿ, ಯಾರೂ ಇಲ್ಲವೆನ್ನಲಾಗದ ಒಂದು ಪಾಲನ್ನು ಆಕೆ ಹುಡುಕಿ ತೆಗೆದರಲ್ಲ! ಮಾರ್ಮನ್ನರ ನಂಬಿಕೆಯಲ್ಲಿ ಹೆಣ್ಣಿಗೆ ಎಷ್ಟು ಗೌರವವಿದೆ ಎಂದು ಯಾರಾದರೂ ಕೇಳಿದರೆ ನಾನು ಸಿದ್ಧಾಂತದ ಪುಸ್ತಕಕ್ಕಿಂತ ಮೊದಲು ಇಂಥ ಹೆಂಗಸರ ಕಡೆ ನೋಡುತ್ತೇನೆ.

ಸಾರಾ ಅಲ್ಲಿಗೇ ನಿಲ್ಲಲಿಲ್ಲ. ದೇವಾಲಯದ ಕಲ್ಲುಕುಟಿಗರಿಗೆ ಮೈಮೇಲೆ ನೆಟ್ಟಗೆ ಅಂಗಿಯಿರಲಿಲ್ಲ. ಮನೆಗೆ ಹೊಲಿಗೆಗೆ ಬರುತ್ತಿದ್ದ ಮಿಸ್ ಕುಕ್ ಹೊಲಿದುಕೊಡಲು ಸಿದ್ಧ, ಆದರೆ ಬಟ್ಟೆಗೆ ದುಡ್ಡಿಲ್ಲ. ಬಟ್ಟೆ ನಾನು ಕೊಡುತ್ತೇನೆ, ನೀನು ಹೊಲಿ, ಅಂದರು ಸಾರಾ. ಅಕ್ಕಪಕ್ಕದವರೂ ಕೂಡಿಕೊಂಡರು. ಒಂದು ಸಂಘ ಕಟ್ಟೋಣವೆಂದರು. ಕವಯಿತ್ರಿ ಎಲೈಝಾ ಸ್ನೋ ನಿಯಮಾವಳಿ ಬರೆದುಕೊಟ್ಟರು. ಜೋಸೆಫ್ ಸ್ಮಿತ್ ಅದನ್ನು ಮೆಚ್ಚಿಕೊಂಡರೂ, ಇದಕ್ಕಿಂತ ಹಿರಿದಾದದ್ದನ್ನು ಕೊಡುತ್ತೇನೆಂದು ಹೇಳಿ, 1842ರ ಮಾರ್ಚ್ 17ರಂದು ತಮ್ಮ ಕೆಂಪು ಇಟ್ಟಿಗೆಯ ಅಂಗಡಿಯ ಮಹಡಿಗೆ ಕರೆದರು. ಅಂದು ಸೇರಿದ ಹೆಂಗಸರು 20 ಮಂದಿ. ಸ್ಮಿತ್ ಅವರ ಪತ್ನಿ ಎಮ್ಮಾ ಅಧ್ಯಕ್ಷೆ, ಎಲೈಝಾ ಕಾರ್ಯದರ್ಶಿ. ಅದೇ ರಿಲೀಫ್ ಸೊಸೈಟಿ, ಇಂದು ಲೋಕದ ದೊಡ್ಡ ಮಹಿಳಾ ಸಂಘಟನೆಗಳಲ್ಲೊಂದು. ಅಂಗಿಯ ಬಟ್ಟೆಯಿಂದ ಹುಟ್ಟಿದ ಸಂಘ ನೋಡಿ!

ಎಲೈಝಾ ಅವರ ನಡಾವಳಿ ಪುಸ್ತಕದ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. 1844ರಲ್ಲಿ ಸ್ಮಿತ್ ಕೊಲೆಯಾದರು. ಮರುವರ್ಷ, ಅವರ ನಂತರ ಪಂಥದ ಮುಂದಾಳಾದ ಬ್ರಿಗ್ಯಾಮ್ ಯಂಗ್ ಹೆಂಗಸರ ಸಂಘವನ್ನು ನಿಲ್ಲಿಸಿದರು. ಪಂಥದಲ್ಲಿ ಆಗ ಬೆಳೆಯುತ್ತಿದ್ದ ಬಹುಪತ್ನಿತ್ವದ ಪದ್ಧತಿಯನ್ನು ಒಪ್ಪದ ಎಮ್ಮಾ ನಾವೂದಲ್ಲೇ ಉಳಿದರು. ಮಿಕ್ಕವರಲ್ಲಿ ಹೆಚ್ಚಿನವರು ಗಾಡಿ ಹೂಡಿ ಪಶ್ಚಿಮದ ಯೂಟಾ ಕಡೆಗೆ ಹೊರಟರು. ಪಾತ್ರೆಪಗಡಿಗೇ ಜಾಗವಿಲ್ಲದ ಆ ಗಾಡಿಯಲ್ಲಿ ಎಲೈಝಾ, ನಿಂತುಹೋದ ಸಂಘದ ಪುಸ್ತಕವನ್ನು ಜೋಪಾನವಾಗಿ ಯೂಟಾಗೆ ಒಯ್ದರು. 1868ರ ನಂತರ ಸಂಘಕ್ಕೆ ಮತ್ತೆ ಜೀವ ಬಂದಾಗ ಊರೂರು ತಿರುಗಿ, ಅದೇ ಪುಸ್ತಕ ತೆರೆದು, ನಮ್ಮ ಕೆಲಸ ಹೀಗೆ ಶುರುವಾಗಿತ್ತು ಎಂದು ಓದಿ ಹೇಳಿದರು. ಯಾರಾದರೂ ಬರೆದಿಡದಿದ್ದರೆ ಹೆಂಗಸರ ಕೆಲಸ ಒಂದು ತಲೆಮಾರಿಗೇ ಅಳಿಸಿಹೋಗುತ್ತದೆ, ಅಲ್ಲವೇ?

ಅಂದ ಹಾಗೆ, ಈ ಸಂಘದ ಇನ್ನೊಂದು ಕೆಲಸ ಗೋಧಿಯದು. 1876ರಲ್ಲಿ ಬ್ರಿಗ್ಯಾಮ್ ಯಂಗ್ ಬರಗಾಲಕ್ಕೆಂದು ಧಾನ್ಯ ಕೂಡಿಡುವ ಕೆಲಸವನ್ನು ಹೆಂಗಸರಿಗೆ ವಹಿಸಿದರು. ಮುಂದೆ ನಿಂತವರು ಎಮ್ಮೆಲೀನ್ ವೆಲ್ಸ್, ‘ವುಮನ್ಸ್ ಎಕ್ಸ್‌ಪೋನೆಂಟ್’ ಪತ್ರಿಕೆಯ ಸಂಪಾದಕಿಯಾಗಿ ದಶಕಗಳ ಕಾಲ ದುಡಿದವರು. ಹೆಂಗಸರು ಕೊಯ್ಲಾದ ಹೊಲಗಳಲ್ಲಿ ತೆನೆ ಆಯ್ದರು, ಕಣಜ ಕಟ್ಟಿದರು. 1906ರ ಭೂಕಂಪಕ್ಕೆ ಸಿಕ್ಕ ಸ್ಯಾನ್ ಫ್ರಾನ್ಸಿಸ್ಕೋಗೆ ಆ ಕಣಜದಿಂದ ಹಿಟ್ಟು ಹೋಯಿತು, ಚೀನಾದ ಕ್ಷಾಮಕ್ಕೂ ಹೋಯಿತು. 1918ರಲ್ಲಿ 2,00,000 ಬುಷೆಲ್‌ಗೂ ಹೆಚ್ಚು ಗೋಧಿಯನ್ನು ಅಮೆರಿಕ ಸರ್ಕಾರ ಕೊಂಡಿತು. ಮರುವರ್ಷ ಅಧ್ಯಕ್ಷ ವುಡ್ರೋ ವಿಲ್ಸನ್ ಯೂಟಾದ ಸಾಲ್ಟ್ ಲೇಕ್ ಸಿಟಿಗೆ ಬಂದಾಗ, 90 ದಾಟಿದ್ದ ಎಮ್ಮೆಲೀನ್ ಅವರನ್ನು ಕಂಡು ಧನ್ಯವಾದ ಹೇಳಿದರು.

ಹಿಟ್ಟು ಅಂದಕೂಡಲೇ ಜೇನ್ ಮ್ಯಾನಿಂಗ್ ಜೇಮ್ಸ್ ನೆನಪಾಗುತ್ತಾರೆ. ಕಪ್ಪು ಜನಾಂಗದ ಹೆಣ್ಣುಮಗಳು. 1843ರಲ್ಲಿ ಮನೆಯವರೊಂದಿಗೆ ನಾವೂಗೆ ಹೊರಟಾಗ ಬಫೆಲೋ ಊರಿನಲ್ಲಿ ಹಡಗು ಹತ್ತಿಸಿಕೊಳ್ಳಲಿಲ್ಲ. ಅಲ್ಲಿಂದ ಸುಮಾರು 800 ಮೈಲಿ ನಡೆದೇ ಬಂದರು. ಯೂಟಾದ ಮೊದಲ ವರ್ಷಗಳ ಹಸಿವಿನಲ್ಲಿ ನೆರೆಯ ಬಿಳಿಯ ಹೆಂಗಸೊಬ್ಬರಿಗೆ ಎರಡು ಪೌಂಡ್ ಹಿಟ್ಟು ಕೊಟ್ಟರು. ತಮ್ಮಲ್ಲಿ ಇದ್ದುದರ ಸುಮಾರು ಅರ್ಧ ಅದು. ಪಡೆದವರೇ ತಮ್ಮ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಇಷ್ಟಾಗಿಯೂ ಆಕೆ ಮತ್ತೆ ಮತ್ತೆ ಕೇಳಿದ ದೇವಾಲಯದ ಸಂಸ್ಕಾರಗಳನ್ನು ಬಣ್ಣದ ಕಾರಣಕ್ಕೆ ಜೀವ ಇರುವವರೆಗೂ ಕೊಡಲಿಲ್ಲ. 1908ರಲ್ಲಿ ತೀರಿಕೊಂಡರು. ಆ ತಡೆ ತೆರವಾದದ್ದು 1978ರಲ್ಲಿ. ಇದನ್ನು ಬರೆಯುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಇನ್ನು ಈ ಸಂಘದ ಹೆಂಗಸರ ರೇಷ್ಮೆಯ ಸಾಹಸ. ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಹೇಳಬೇಕಾಗಿಲ್ಲ, ಹುಳು ಸಾಕುವುದೆಂದರೆ ಮನೆಯಲ್ಲಿ ಬಾಣಂತಿ ಇದ್ದ ಹಾಗೆ. ಯೂಟಾದ ಹೆಂಗಸರೂ ಹಿಪ್ಪುನೇರಳೆ ಸೊಪ್ಪು ಕೊಯ್ದು ಆ ಪಾಡು ಪಟ್ಟರು. ಮುಂದಾಳು ಜೈನಾ ಯಂಗ್ ಅವರಿಗೆ ಹುಳು ಕಂಡರೆ ಎದೆ ನಡುಗುವಷ್ಟು ಭಯ. ಆದರೂ ಲಕ್ಷಗಟ್ಟಲೆ ಹುಳುಗಳಿಗೆ ಕೈಯಾರೆ ಸೊಪ್ಪು ಹಾಕಿದರು. ಲಾಭವೇನೂ ಗಿಟ್ಟಲಿಲ್ಲ ಅನ್ನಿ. ಆದರೆ ಮಹಿಳಾ ಮತದಾನಕ್ಕೆ ಹೋರಾಡಿದ ಸೂಸನ್ ಆ್ಯಂಟನಿ ಅವರ 80ನೇ ಹುಟ್ಟುಹಬ್ಬಕ್ಕೆ, 1900ರಲ್ಲಿ, ಯೂಟಾದ ಕಪ್ಪು ರೇಷ್ಮೆ ಬಟ್ಟೆ ಉಡುಗೊರೆಯಾಗಿ ಹೋಯಿತು. ಅದರಲ್ಲಿ ಉಡುಪು ಹೊಲಿಸಿಕೊಂಡು ತೊಟ್ಟರು ಆ ಹಿರಿಯ ಜೀವ.

ಇಷ್ಟೆಲ್ಲ ಸರಿ, ನಂಬಿಕೆಯ ಮಾತೆಲ್ಲಿ ಬಂತು ಅನ್ನುತ್ತೀರೇನೋ. ಬಂದೆ. ಈ ಪಂಥದಲ್ಲಿ ಬೈಬಲ್ಲಿನ ಮೊದಲ ಹೆಣ್ಣು ಈವ್ ಪಾಪದ ಮೂಲವಲ್ಲ. ಆಕೆ ಹಣ್ಣು ತಿಂದದ್ದರಿಂದಲೇ ಮನುಷ್ಯಕುಲ ಹುಟ್ಟಿ ಬೆಳೆಯಲು ಸಾಧ್ಯವಾಯಿತೆಂದು ಆಕೆಯನ್ನು ಗೌರವದಿಂದ ನೆನೆಯುತ್ತಾರೆ. ಸ್ವರ್ಗದಲ್ಲಿ ತಂದೆಯ ಜೊತೆ ತಾಯಿಯೂ ಇದ್ದಾಳೆಂದು ನಂಬುತ್ತಾರೆ. 1845ರಲ್ಲೇ ಎಲೈಝಾ ಸ್ನೋ ತಮ್ಮ ಕವಿತೆಯೊಂದರಲ್ಲಿ ಆ ತಾಯಿಯನ್ನು ತಂದರು, ಇಂದಿಗೂ ಅದನ್ನು ಹಾಡುತ್ತಾರೆ. ಆದರೆ ಆಕೆಗೆ ಪ್ರಾರ್ಥನೆ ಸಲ್ಲಿಸುವಂತಿಲ್ಲ. 1991ರಲ್ಲಿ ಹಿರಿಯ ನಾಯಕ ಗಾರ್ಡನ್ ಹಿಂಕ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿದರು. ಊರಿಗೊಬ್ಬಳಿರುವ ಅಮ್ಮನಿಗೆ ಕೈಮುಗಿದು ಬೆಳೆದ ನನಗೆ, ತಾಯಿ ಇದ್ದಾಳೆ ಆದರೆ ಕರೆಯಬೇಡ ಎನ್ನುವ ಮಾತು ಸಂಕಟವನ್ನೇ ಕೊಡುತ್ತದೆ. ಆಕೆಯ ಮಕ್ಕಳೆಂದು ನಂಬುವವರಿಗೆ ಹೇಗಿರಬೇಡ! ಯಾಜಕತ್ವವೂ ಗಂಡಸರಿಗಷ್ಟೇ. 19ನೇ ಶತಮಾನದಲ್ಲಿ ಹೆಂಗಸರು ರೋಗಿಗಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದರು, ದಿನ ತುಂಬಿದ ಬಸುರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಿದ್ದರು. 20ನೇ ಶತಮಾನದಲ್ಲಿ ಅದು ನಿಂತಿತು. 1970ರಲ್ಲಿ ಸಂಘದ ಹಣಕಾಸು, ಪತ್ರಿಕೆ ಎರಡೂ ಹೆಂಗಸರ ಕೈಬಿಟ್ಟವು. ಆಡಿ ಹೊಗಳುವುದು ಹೆಚ್ಚಿದ ಹಾಗೆ ಕೈಯಲ್ಲಿದ್ದ ಬೀಗದಕೈ ಕಡಿಮೆಯಾಯಿತೆಂದು ನನಗನ್ನಿಸುತ್ತದೆ. ಇದೆಲ್ಲ ನಮಗೆ ದೂರದ ಮಾತೂ ಅಲ್ಲ: ಬೆಂಗಳೂರಿಗೂ ಇವರ ದೇವಾಲಯವೊಂದು ಬರುವುದೆಂದು 2018ರಲ್ಲಿ ಸಾರಿದರು, ಭಾರತದಲ್ಲೇ ಮೊದಲನೆಯದು. ಪರಸ್ಪರ ಸಿಸ್ಟರ್ ಎಂದು ಕರೆದುಕೊಳ್ಳುವ ಈ ಪಂಥದ ನಮ್ಮೂರ ಹೆಂಗಸರಿಗೂ ಈ ಹಳೆಯ ಕಥೆಗಳು ಪೂರ್ತಿಯಾಗಿ ಸಿಗಲಿ ಎಂಬುದು ನನ್ನಾಸೆ.

ಅಯ್ಯೋ, ಓಟಿನ ಕಥೆ ಬಾಕಿಯೇ ಉಳಿಯಿತಲ್ಲ! ಯೂಟಾದ ಹೆಂಗಸರಿಗೆ 1870ರ ಫೆಬ್ರವರಿ 12ರಂದು ಮತದ ಹಕ್ಕು ಸಿಕ್ಕಿತು. ಎರಡೇ ದಿನದಲ್ಲಿ ಸೆರಾಫ್ ಯಂಗ್ ಎಂಬ ಶಾಲಾ ಶಿಕ್ಷಕಿ ಓಟು ಹಾಕಿದರು. ಬಹುಪತ್ನಿತ್ವದ ಮೇಲಿನ ಸಿಟ್ಟಿನಲ್ಲಿ ಅಮೆರಿಕದ ಸಂಸತ್ತು 1887ರಲ್ಲಿ ಆ ಹಕ್ಕನ್ನು ಕಿತ್ತುಕೊಂಡಿತು. ಗಂಡಸರು ಕಟ್ಟಿದ ಪದ್ಧತಿಗೆ ದಂಡ ತೆತ್ತವರು ಹೆಂಗಸರು. 1896ರಲ್ಲಿ ಯೂಟಾ ರಾಜ್ಯವಾದಾಗ ಹಕ್ಕು ಮರಳಿತು. ಅದೇ ವರ್ಷ ರಾಜ್ಯ ಸೆನೆಟ್ಟಿಗೆ ನಿಂತು ಗೆದ್ದವರು ಡಾಕ್ಟರ್ ಮಾರ್ತಾ ಹ್ಯೂಸ್ ಕ್ಯಾನನ್. ಅಮೆರಿಕದಲ್ಲಿ ಆ ಸ್ಥಾನಕ್ಕೇರಿದ ಮೊದಲ ಹೆಣ್ಣು. ಸೋತವರಲ್ಲಿ ಆಕೆಯ ಗಂಡ ಏಂಗಸ್ ಕ್ಯಾನನ್ ಕೂಡ ಒಬ್ಬರು, ಆಕೆ ಅವರ ನಾಲ್ಕನೇ ಹೆಂಡತಿ. ಗೆದ್ದು ಸುಮ್ಮನೆ ಕೂರಲಿಲ್ಲ. ರಾಜ್ಯಕ್ಕೆ ಆರೋಗ್ಯ ಮಂಡಳಿ ಬರಲು ಕಾರಣರಾದರು. ಇನ್ನೊಂದು ಮಸೂದೆ ತಂದರು, ನನಗೆ ಅದೇ ಎಲ್ಲಕ್ಕಿಂತ ಇಷ್ಟ: ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವ ಹೆಣ್ಣುಮಕ್ಕಳಿಗೆ ಮಾಲೀಕರು ಕೂರಲು ಆಸನ ಇಡಲೇಬೇಕು.