ಅಜ್ಜಿಯ ಮಡಕೆಗೊಂದು ಜಾಗ

ನಮ್ಮ ಬಜಗೋಳಿಯಲ್ಲಿ ಕ್ಯಾಂಪರ್ ಅಂದರೆ ಯಾರೂ ಪ್ರವಾಸದ ಗಾಡಿ ಅಂದುಕೊಳ್ಳುವುದಿಲ್ಲ. ಮುಂದೆ ಐದು ಜನ ಕೂರುವ, ಹಿಂದೆ ಅಡಿಕೆ ಮೂಟೆಯೋ ಹಿಂಡಿಯೋ ಗೊಬ್ಬರವೋ ತುಂಬುವ ಬೊಲೆರೊ ಕ್ಯಾಂಪರ್ ಅದು. ನಮ್ಮದೂ ಹನ್ನೆರಡು ವರ್ಷ ಅದನ್ನೇ ಮಾಡಿದೆ. ದೂರದ ದೇಶಗಳಲ್ಲಿ ಇಂಥದೇ ಗಾಡಿಯ ಬೆನ್ನ ಮೇಲೆ ಹಾಸಿಗೆ, ಒಲೆ, ಕಪಾಟು ಕೂರಿಸಿಕೊಂಡು ತಿಂಗಳುಗಟ್ಟಲೆ ತಿರುಗುತ್ತಾರೆ, ಅದಕ್ಕೂ ಕ್ಯಾಂಪರ್ ಅಂತಲೇ ಹೆಸರು ಎಂದು ನನಗೆ ತಿಳಿಸಿದವಳು ಏಳನೇ ತರಗತಿಯ ಮೊಮ್ಮಗಳು. “ಹೆಸರು ಮೊದಲೇ ಉಂಟಲ್ಲ ಅಜ್ಜ, ಇನ್ನು ಹಾಸಿಗೆ ಒಂದು ಹಾಕಿದರೆ ಆಯ್ತು” ಅಂದಳು.

ತಮಾಷೆಗೆ ಅಂದದ್ದು ನನ್ನ ತಲೆಯಲ್ಲಿ ಕೂತಿತು. ಕಾರಣ ನನ್ನ ಹೆಂಡತಿ. ಮೂವತ್ತು ವರ್ಷ ಶಾಲೆಯಲ್ಲಿ ವಿಜಯನಗರದ ಪಾಠ ಮಾಡಿದವಳು, ಹಂಪಿ ನೋಡಿರಲಿಲ್ಲ. ಸಂಬಳ, ಮಕ್ಕಳು, ತೋಟ ಎಂದು ದಿನ ಮುಂದೆ ಹೋಯಿತು. ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಜೋರಾಯಿತು, ಮಂಡಿ ನೋವೂ ಜತೆಗೆ ಬಂತು. ಹೊತ್ತಿಗೆ ಸರಿಯಾಗಿ ಊಟ, ದಿನಕ್ಕೆರಡು ಸಲ ಇನ್ಸುಲಿನ್, ಬೇಕೆನಿಸಿದಾಗ ಕಾಲು ಚಾಚಲು ಒಂದು ಜಾಗ. ಬಸ್ಸಿನಲ್ಲಿ ಇದೆಲ್ಲ ಎಲ್ಲಿ ಆಗುತ್ತದೆ? ಕೇಳಿದರೆ, “ನೀವು ಹೋಗಿ ಬನ್ನಿ, ನಾನು ಪುಸ್ತಕದಲ್ಲಿ ನೋಡಿದ್ದೇನೆ” ಎನ್ನುತ್ತಿದ್ದಳು.

ಗಾಡಿಯ ಹಿಂಭಾಗ ಅಳೆದೆ. ಉದ್ದ ಐದಡಿ ತುಂಬಲಿಲ್ಲ, ಅಗಲ ಐದೂವರೆ ಅಡಿ ದಾಟಿತು. ಉದ್ದಕ್ಕೆ ಮಲಗುವಂತಿಲ್ಲ, ಅಡ್ಡಕ್ಕೆ ಮಲಗಬಹುದು. ಅಜ್ಜಿ ಐದಡಿ, ಮೊಮ್ಮಗಳು ಇನ್ನೂ ಕಡಿಮೆ. ನನಗೆ ಮುಂದಿನ ಕ್ಯಾಬಿನ್ನಿನ ಹಿಂದಿನ ಸೀಟು. ಲಾರಿಯವರು ಅಷ್ಟರಲ್ಲೇ ಜೀವನ ಕಳೆಯುತ್ತಾರೆ, ನನಗೇನು?

ನಮ್ಮ ಆಚಾರಿಗೆ ಪ್ಲೈವುಡ್ ಸಾಕು ಅಂದೆ. ಅವರು ನಕ್ಕರು. “ಎಂಟು-ನಾಲ್ಕರ ಒಂದು ಹಲಗೆಯೇ ಇಪ್ಪತ್ತು ಕಿಲೋ ದಾಟುತ್ತದೆ. ಎತ್ತಿ ಇಳಿಸುವವರು ಯಾರು?” ಎತ್ತಿ ಇಳಿಸಲೇಬೇಕಿತ್ತು. ಗಾಡಿಯ ಮೂಲ ರಚನೆ ಬದಲಿಸಲು ಕಾನೂನು ಬಿಡುವುದಿಲ್ಲ. ಮೇಲಾಗಿ ಅಡಿಕೆ ಕೊಯ್ಲಿಗೆ ಮಗನಿಗೆ ಗಾಡಿ ಖಾಲಿ ಬೇಕು. ಆದ್ದರಿಂದ ತೂತು ಕೊರೆಯುವುದಿಲ್ಲ, ವೆಲ್ಡಿಂಗ್ ಇಲ್ಲ ಎಂದು ತೀರ್ಮಾನವಾಯಿತು. ಹಿಂದಿನ ಚಕ್ರದ ಗುಮ್ಮಟಗಳಿಗಿಂತ ಎರಡಿಂಚು ಎತ್ತರಕ್ಕೆ ನಾಲ್ಕು ಕಾಲಿನ ಚೌಕಟ್ಟು, ಮೇಲೆ ಅಡಿಕೆ ಮರದ ಸಲಕೆ. ಹಗುರ, ಗಾಳಿ ಆಡುತ್ತದೆ, ಕೂತರೆ ಸ್ವಲ್ಪ ಬಾಗುತ್ತದೆ. ಮಂಚದ ಅಡಿಯೇ ನಮ್ಮ ಉಗ್ರಾಣ.

ಅಲ್ಲಿ ಏನನ್ನು ಎಲ್ಲಿಡುವುದು ಎಂಬ ಪಾಠ ನನಗೆ ಯಕ್ಷಗಾನ ಮೇಳದ್ದು. ದೀಪಾವಳಿ ಕಳೆದು ಹೊರಟ ಮೇಳ ಪತ್ತನಾಜೆಯವರೆಗೆ ಊರೂರು ತಿರುಗುತ್ತದಲ್ಲ. ಬೆಳಗಿನ ಜಾವ ಮಂಗಳವಾದ ಮೇಲೆ ಮನೆಗೆ ಹೋಗದೆ ಲಾರಿ ತುಂಬುವುದನ್ನು ನೋಡುತ್ತ ನಿಲ್ಲುವುದು ನನ್ನ ಚಿಕ್ಕಂದಿನ ಚಟ. ಆಟ ಮುಗಿದದ್ದು ಎಷ್ಟು ಹೊತ್ತಿಗೇ ಇರಲಿ, ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಮುಂದಿನ ಊರಿನಲ್ಲಿ ಮೊದಲು ಬೇಕಾದದ್ದು ಲಾರಿಗೆ ಕೊನೆಗೆ ಏರುತ್ತದೆ. ಪೆಟ್ಟಿಗೆಗೆ ಪೆಟ್ಟಿಗೆಯ ಜಾಗ, ಕಿರೀಟಕ್ಕೆ ಕಿರೀಟದ ಜಾಗ. ಕತ್ತಲಲ್ಲಿ ಕೈ ಹಾಕಿದರೂ ಸಿಗಬೇಕು.

ನಾವೂ ಹಾಗೇ ಮಾಡಿದೆವು. ನೀರಿನ ಇಪ್ಪತ್ತು ಲೀಟರಿನ ಎರಡು ಕ್ಯಾನು ಕ್ಯಾಬಿನ್ನಿನ ಗೋಡೆಗೆ ಒತ್ತಿ, ಕೆಳಗೆ. ಎರಡೂ ಸೇರಿ ನಲವತ್ತು ಕಿಲೋ. ಅಷ್ಟು ಭಾರ ಹಿಂದೆ ಇಟ್ಟರೆ ಘಾಟಿಯ ತಿರುವಿನಲ್ಲಿ ಗಾಡಿ ಬಾಲ ಬೀಸುತ್ತದೆ. ಒಲೆ, ಪಾತ್ರೆ ಹಿಂದಿನ ಬಾಗಿಲ ಬಳಿ, ಇಳಿದ ಕೂಡಲೇ ಸಿಗುವಂತೆ. ಅಡುಗೆ ಏನಿದ್ದರೂ ಗಾಡಿಯ ಹೊರಗೆ, ಮಳೆ ಬಂದರೂ ಒಳಗೆ ಒಲೆ ಹಚ್ಚುವಂತಿಲ್ಲ. ಗ್ಯಾಸ್ ಸೋರಿದರೆ ಗಾಳಿಗಿಂತ ಭಾರವಾಗಿ ತಳದಲ್ಲೇ ನಿಲ್ಲುತ್ತದೆ, ನಮ್ಮ ಹಾಸಿಗೆಯೂ ಅಲ್ಲೇ. ಬಟ್ಟೆಗೆ ಮಲ್ಪೆಯಿಂದ ತಂದ ಹಳೆಯ ಮೀನುಬಲೆಯ ತುಂಡನ್ನು ಟಾರ್ಪಾಲಿನ ಕಮಾನಿಗೆ ತೊಟ್ಟಿಲ ಹಾಗೆ ಕಟ್ಟಿದೆವು (ಎರಡು ಸಲ ತೊಳೆದರೂ ವಾಸನೆ ಪೂರ್ತಿ ಹೋಗಲಿಲ್ಲ, ಮೊಮ್ಮಗಳ ಅಂಗಿಗಳೇ ಸಾಕ್ಷಿ). ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದರೆ ಅದಕ್ಕಿಂತ ಒಳ್ಳೆಯ ಬಿಗಿಪಟ್ಟಿ ಅಂಗಡಿಯಲ್ಲಿ ಸಿಗುವುದಿಲ್ಲ. ಅಜ್ಜಿ ಹತ್ತಲು ಎರಡು ಮೆಟ್ಟಿಲಿನ ಪೆಟ್ಟಿಗೆ, ಅದರೊಳಗೆ ಚಪ್ಪಲಿ. ಗಾಡಿ ಓಡುವಾಗ ಮಾತ್ರ ಹಿಂದೆ ಯಾರೂ ಕೂರುವಂತಿಲ್ಲ, ಎಲ್ಲರೂ ಮುಂದೆ, ಸೀಟು ಬೆಲ್ಟ್ ಹಾಕಿಕೊಂಡು.

ಇಷ್ಟೆಲ್ಲ ಬುದ್ಧಿ ಓಡಿಸಿದವನು ಅತಿ ಚಿಕ್ಕ ವಸ್ತುವಿಗೆ ಜಾಗ ಮಾಡುವಲ್ಲಿ ಸೋತೆ.

ಏಪ್ರಿಲ್‌ನಲ್ಲಿ ಪರೀಕ್ಷೆಗೆಂದು ಎರಡು ದಿನದ ಪಯಣ. ಮಾಳದ ಘಾಟಿ ಹತ್ತಿ, ಕುದುರೆಮುಖದ ಕಾಡಿನ ರಸ್ತೆಯಲ್ಲಿ ಕೆರೆಕಟ್ಟೆ, ಶೃಂಗೇರಿ ದಾಟಿ ಬಾಳೆಹೊನ್ನೂರಿನ ಬಳಿ ಗೆಳೆಯನ ಕಾಫಿ ತೋಟದ ಕಣದಲ್ಲಿ ಗಾಡಿ ನಿಲ್ಲಿಸಿದೆವು. ಸೆಕೆಗೆ ಇನ್ಸುಲಿನ್ ಕೆಡಬಾರದೆಂದು ಎರಡೂ ಪೆನ್ನುಗಳನ್ನು ಐಸ್ ಪೆಟ್ಟಿಗೆಯಲ್ಲಿ, ಐಸ್ ಗಡ್ಡೆಗೆ ಒತ್ತಿಯೇ ಇಟ್ಟಿದ್ದೆ. ಹೆಚ್ಚು ತಂಪಾದಷ್ಟೂ ಒಳ್ಳೆಯದು ಎಂಬುದು ನನ್ನ ಲೆಕ್ಕ. ಬೆಳಿಗ್ಗೆ ತೆಗೆದರೆ ಒಳಗೆ ಹರಳುಗಟ್ಟಿತ್ತು. ಅಂಗೈಯಲ್ಲಿ ಹಿಡಿದದ್ದೇ ಕರಗಿ ಮೊದಲಿನಂತೆ ತಿಳಿಯಾಯಿತು. “ಸರಿಯಾಯ್ತಲ್ಲ” ಅಂದೆ. ಅವಳು ಮಾತ್ರ ಕಾರ್ಕಳದ ವೈದ್ಯರಿಗೆ ಫೋನ್ ಮಾಡಿಸಿದಳು. “ಎರಡನ್ನೂ ಎಸೆಯಿರಿ. ಒಮ್ಮೆ ಹೆಪ್ಪುಗಟ್ಟಿದರೆ ನೋಡಲು ಹೇಗಿದ್ದರೂ ನಂಬುವಂತಿಲ್ಲ” ಎಂದರು ಅವರು.

ಭಾನುವಾರ. ಹೋದ ಮೊದಲ ಅಂಗಡಿ ಮುಚ್ಚಿತ್ತು, ಎರಡನೆಯದರಲ್ಲಿ ಆ ಜಾತಿಯದು ಇರಲಿಲ್ಲ. ಚಿಕ್ಕಮಗಳೂರು ಮುಟ್ಟಿ ಔಷಧ ಸಿಗುವಾಗ ಹನ್ನೊಂದು ದಾಟಿತ್ತು. ಅಷ್ಟು ಹೊತ್ತೂ ಅವಳು ತಿಂಡಿ ಮುಟ್ಟದೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಬಜಗೋಳಿಯ ಪೇಟೆಯಲ್ಲಿ ಗಾಡಿ ನಿಂತಾಗ ಒಂದೇ ಮಾತು: “ಇನ್ನು ನನ್ನನ್ನು ಕರೆಯಬೇಡಿ.”

ಆ ಮಂಚ ಎರಡು ತಿಂಗಳು ಜಗಲಿಯಲ್ಲಿ ಒರಗಿಕೊಂಡಿತ್ತು.

ಮುಂದಿನ ತಪಾಸಣೆಗೆ ಹೋದಾಗ ವೈದ್ಯರು ಕೇಳಿದರು: “ಆರು ದಿನಕ್ಕೆ ಐಸ್ ಯಾಕೆ ಬೇಕು ನಿಮಗೆ?” ಬಳಸದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ನಿಜ. ಆದರೆ ಬಳಕೆಗೆ ತೆಗೆದದ್ದು, ಇವಳ ಔಷಧದ ಚೀಟಿಯಲ್ಲಿ ಬರೆದ ಪ್ರಕಾರ, 30 ಡಿಗ್ರಿಯ ಒಳಗಿದ್ದರೆ ನಾಲ್ಕು ವಾರ ತಡೆಯುತ್ತದೆ. (ಒಂದೊಂದು ಔಷಧದ್ದು ಒಂದೊಂದು ಲೆಕ್ಕ, ನಿಮ್ಮ ಮನೆಯದರ ಚೀಟಿ ಓದಿ, ವೈದ್ಯರನ್ನು ಕೇಳಿ.) ಅಂದರೆ ನಮಗೆ ಬೇಕಾದದ್ದು ಚಳಿ ಅಲ್ಲ, ಬಿಸಿಯಾಗದ ಜಾಗ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗು ಒಲೆಯಂತಾಗುತ್ತದೆ. ಅಲ್ಲಿ ಬಿಟ್ಟರೂ ಕೆಟ್ಟಿತು, ಐಸಿಗೆ ಒತ್ತಿದರೂ ಕೆಟ್ಟಿತು.

ಮೊಮ್ಮಗಳು ಕೆಲಸ ಕೈಗೆತ್ತಿಕೊಂಡಳು. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಗೋಣಿ; ಒಳಗೆ ನೀರು ತಾಗದಂತೆ ಬಿಗಿ ಮುಚ್ಚಳದ ಡಬ್ಬಿ, ಡಬ್ಬಿಯಲ್ಲೊಂದು ಥರ್ಮಾಮೀಟರು. ಬೆವರಿದ ಮೈಗೆ ಗಾಳಿ ತಾಗಿದರೆ ತಂಪೆನಿಸುವುದಿಲ್ಲವೇ, ಅದೇ ಲೆಕ್ಕ: ಆವಿಯಾಗುವ ನೀರು ಮಡಕೆಯ ಬಿಸಿಯನ್ನು ಕೊಂಡೊಯ್ಯುತ್ತದೆ. ಆದರೆ ಅವಳ ಪುಸ್ತಕದ ಅಂಕಿಗಳು ನಿರಾಸೆ ತಂದವು. ಹೊರಗೆ 33 ಇದ್ದರೆ ಒಳಗೆ 30. ಮಳೆ ಹಿಡಿದ ಮೇಲೆ ಅದೂ ಇಲ್ಲ, ಒಳಗೂ ಹೊರಗೂ ಒಂದೇ. ನಮ್ಮ ಕರಾವಳಿಯ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ, ಮಡಕೆಯ ನೀರನ್ನು ಅದು ಎಲ್ಲಿಂದ ಎಳೆದೀತು? “ಘಟ್ಟದ ಮೇಲೆ ಗಾಳಿ ಒಣ ಅಲ್ವಾ ಅಜ್ಜಿ? ಅಲ್ಲಿ ನೋಡುವ” ಅಂದಳು. ಅಜ್ಜಿ ಏನೂ ಹೇಳಲಿಲ್ಲ. ಆದರೆ ಡಿಸೆಂಬರಿನ ರಜೆಗೆ ಮುಂಚೆ ತಾನೇ ಆ ಪುಸ್ತಕಕ್ಕೆ ಹೊಸ ಗೆರೆ ಎಳೆದು ಕೊಟ್ಟಳು. ಟೀಚರಲ್ಲವೇ.

ಮಡಕೆಗೆ ಜಾಗ ಹುಡುಕುವುದು ಇನ್ನೊಂದು ಕಥೆ. ಮಂಚದ ಅಡಿ ಗಾಳಿಯಿಲ್ಲ, ಪೆಟ್ಟಿಗೆಯೊಳಗಿಟ್ಟರೆ ಅದು ಮಡಕೆಯೇ ಅಲ್ಲ. ಕೊನೆಗೆ ಕ್ಯಾಬಿನ್ನಿನಲ್ಲಿ, ಹಿಂದಿನ ಸೀಟಿನ ಮುಂದೆ, ನೆಲದ ಮೇಲೆ ತೆಂಗಿನ ನಾರಿನ ದಪ್ಪ ಸಿಂಬೆ, ಅದರ ಮೇಲೆ ಮಡಕೆ, ಸುತ್ತ ಟ್ಯೂಬಿನ ಪಟ್ಟಿ, ಕಿಟಕಿ ಅರ್ಧ ಇಳಿಸಿ. ಪಹರೆಗೆ ಪಕ್ಕದಲ್ಲೇ ಮೊಮ್ಮಗಳು. ಗಾಡಿ ನಿಂತಲ್ಲಿ ಮಡಕೆಯೂ ಇಳಿದು ಮರದ ನೆರಳಿಗೆ ಬರುತ್ತಿತ್ತು. ಎರಡನೆಯ ಪೆನ್ನು ಅಜ್ಜಿಯ ಕೈಚೀಲದಲ್ಲಿ, ಒದ್ದೆ ಬಟ್ಟೆ ಸುತ್ತಿದ ಇನ್ನೊಂದು ಡಬ್ಬಿಯೊಳಗೆ. ಎರಡನ್ನೂ ಒಂದೇ ಕಡೆ ಇಡುವ ತಪ್ಪು ಮತ್ತೆ ಮಾಡಲಿಲ್ಲ.

ಹೊಸದುರ್ಗದಲ್ಲೊಂದು ರಾತ್ರಿ ಪರಿಚಯದವರ ಅಂಗಳ, ಮರುದಿನ ಚಿತ್ರದುರ್ಗ, ಹೊಸಪೇಟೆ. ಕಮಲಾಪುರದಲ್ಲಿ ವಸತಿಗೃಹವೊಂದರ ಹಿತ್ತಲಲ್ಲಿ ಕೇಳಿಕೊಂಡು ಬಿಡಾರ ಹೂಡಿದೆವು. ಮಧ್ಯಾಹ್ನ ನೆರಳಲ್ಲಿ 30, ಮಡಕೆಯೊಳಗೆ 22. ಮೊಮ್ಮಗಳು ಮೂರು ಸಲ ನೋಡಿ ಬರೆದುಕೊಂಡಳು.

ಮಹಾನವಮಿ ದಿಬ್ಬದ ಮೆಟ್ಟಿಲನ್ನು ಇವಳು ಹತ್ತಲಿಲ್ಲ, ಮಂಡಿ ಬಿಡಲಿಲ್ಲ. ಕೆಳಗೆ ನಿಂತೇ, ಕಲ್ಲಿನ ಆನೆ ಕುದುರೆಗಳ ಸಾಲಿಗೆ ಕೈ ಮಾಡಿ, 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಕೃಷ್ಣದೇವರಾಯನ ಕಾಲದ ಪೋರ್ಚುಗೀಸ್ ಪಯಣಿಗ ಡೊಮಿಂಗೊ ಪಾಯೆಸ್, ಅವರು ಕಂಡ ಹಬ್ಬದ ವೈಭವ ಎಲ್ಲ ಹೇಳತೊಡಗಿದಳು. ಮೊಮ್ಮಗಳ ಪಕ್ಕದಲ್ಲಿ ಯಾವುದೋ ಶಾಲೆಯ ನಾಲ್ಕು ಮಕ್ಕಳೂ ಬಂದು ನಿಂತರು. ಸೂರ್ಯ ಇಳಿದದ್ದು ಗೊತ್ತಾಗಲಿಲ್ಲ. ಮದ್ದಿನ ಹೊತ್ತನ್ನು ನೆನಪಿಸಿದವಳೂ ಮೊಮ್ಮಗಳೇ. ರಾತ್ರಿ ಮಂಚದ ಅಂಚಿನಲ್ಲಿ ಕೂತು, ಪೆಟ್ಟಿಗೆ ಮೆಟ್ಟಿಲ ಮೇಲೆ ಕಾಲಿಟ್ಟು, ಇನ್ಸುಲಿನ್ ಚುಚ್ಚಿಕೊಳ್ಳುತ್ತ, 1922ರ ಜನವರಿಯಲ್ಲಿ ಕೆನಡಾದಲ್ಲಿ ಈ ಮದ್ದನ್ನು ಮೊದಲು ಪಡೆದ ಹುಡುಗನಿಗೆ ಬರೀ 14 ವರ್ಷ ಎಂದು ಅವಳಿಗೆ ಹೇಳುತ್ತಿದ್ದಳು. ಟೀಚರಿಗೆ ಒಂದು ಪಾಠ ಸಾಲದು.

ಹಿಂದಿರುಗುವಾಗ ಮಾಳದ ಘಾಟಿಯ ಹೊಂಡವೊಂದಕ್ಕೆ ಗಾಡಿ ಬಿದ್ದು ಹೊರಗಿನ ಮಡಕೆ ಬಿರುಕು ಬಿಟ್ಟಿತು. ಮರಳೆಲ್ಲ ಕ್ಯಾಬಿನ್ನಿನಲ್ಲಿ, ಇನ್ನೂ ಪೂರ್ತಿ ಗುಡಿಸಿ ಆಗಿಲ್ಲ. ಹೊಸ ಮಡಕೆ ಸ್ವಲ್ಪ ಅಗಲ ಬಾಯಿಯದ್ದು ಬೇಕಂತೆ. ಬೇಸಿಗೆ ರಜೆಗೆ ಬಾದಾಮಿ ಎಂದು ಅಜ್ಜಿ-ಮೊಮ್ಮಗಳು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ಅಲ್ಲಿ ಏಪ್ರಿಲ್‌ನಲ್ಲಿ ನೆರಳಲ್ಲೂ 38-40. ಮಡಕೆ ಎಷ್ಟಕ್ಕೆ ಇಳಿಸೀತು ಎಂದು ಇಬ್ಬರೂ ಈಗಲೇ ಲೆಕ್ಕ ಹಾಕುತ್ತಿದ್ದಾರೆ.